ಐದು ಫ್ರೀ ಟಿಕೆಟ್, ಒಂದು ಗಂಡಸು

ನಮ್ಮ ಮನೆಯಲ್ಲಿ ಗಂಡು ಜೀವ ಅಂತ ಇದ್ದದ್ದು ಎರಡೇ. ಒಂದು ನಾನು, ಇನ್ನೊಂದು ಹಿತ್ತಲಿನ ಹುಂಜ. ಹುಂಜ ಬೆಳಗಿನ ನಾಲ್ಕಕ್ಕೇ ಕೂಗಿ ಮಕ್ಕಳ ನಿದ್ದೆ ಕೆಡಿಸುತ್ತಿತ್ತು. ಹೋದ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಅದು ಸಾರಿನ ಪಾತ್ರೆ ಸೇರಿತು. ಅಂದಿನಿಂದ ನಾನೂ ಬೆಳಿಗ್ಗೆ ಎದ್ದು ಜೋರಾಗಿ ಕೆಮ್ಮುವುದನ್ನು ಬಿಟ್ಟಿದ್ದೇನೆ.

ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ನಾಲ್ಕು ಜನ. ದೊಡ್ಡವಳಿಗೆ ಬ್ಯಾಂಕಿನಲ್ಲಿ ಕೆಲಸ. ಎರಡನೆಯವಳದು ಕಾಫಿ ರುಚಿ ನೋಡುವ ಕೆಲಸ. ಹೌದು, ಅದಕ್ಕೂ ಸಂಬಳ ಕೊಡುತ್ತಾರೆ. ಮೂರನೆಯವಳು ಡಿಗ್ರಿ ಓದುತ್ತಾಳೆ, ಉಳಿದ ಹೊತ್ತು ಕನ್ನಡಿ ಮುಂದೆ ಇರುತ್ತಾಳೆ. ಚಿಕ್ಕವಳು ಈಗಷ್ಟೇ ಲಾ ಕಾಲೇಜು ಸೇರಿದ್ದಾಳೆ. ವಾದ ಮಾಡುವುದನ್ನು ಮಾತ್ರ ಮಾತು ಕಲಿತ ದಿನವೇ ಶುರು ಮಾಡಿದ್ದಳು.

ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಕತೆ ಕಾದಂಬರಿ ಬರೆದವನಲ್ಲ, ತೋಟದ ಲೆಕ್ಕ ಬರೆದವನು. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಹಿಡಿದು ನಿಂತರೆ ಆಳುಗಳೆಲ್ಲ ಸಾಲಾಗಿ ಬಂದು ಹೆಸರು ಹೇಳುತ್ತಿದ್ದರು. ಹಣ್ಣು ಬಿಡಿಸುವ ಕಾಲದಲ್ಲಿ ಸಂಜೆ ಒಬ್ಬೊಬ್ಬರದೂ ತೂಕ ಹಾಕಿಸಿ ಬರೆಯುತ್ತಿದ್ದೆ. ಒಂದು ಕೆಜಿ ಆಚೆ ಈಚೆ ಆಗಲು ಬಿಟ್ಟವನಲ್ಲ. ಅಷ್ಟು ಜನ ನನ್ನ ಮಾತು ಕೇಳುತ್ತಿದ್ದರು. ಕೆಲಸ ಬಿಟ್ಟು ಚಿಕ್ಕಮಗಳೂರಿನ ಮನೆಗೆ ಬಂದು ಕೂತ ಮೇಲೆ, ಅದೇ ಶಿಸ್ತನ್ನು ಇಲ್ಲೂ ತರೋಣ ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಮನೆ ಸೇರಿರಬೇಕು ಅಂದೆ. ನಮ್ಮಜ್ಜಿ ಕಾಲದಿಂದ ನಡೆದುಕೊಂಡು ಬಂದದ್ದು. ಚಿಕ್ಕವಳು ಪುಸ್ತಕದಿಂದ ತಲೆ ಎತ್ತಿದಳು.

"ಅಪ್ಪಾ, ಜುಲೈನಲ್ಲಿ ನಮ್ಮೂರಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತೆ. ಅಮ್ಮ ಆಗಲೇ ದೀಪ ಹಚ್ತಾಳೆ. ಹಾಗಾದ್ರೆ ಕಾಲೇಜಿಗೆ ಹೋಗೋದೇ ಬೇಡ್ವಾ?"

"ದೀಪ ಅಂದ್ರೆ ದೇವರ ದೀಪ ಕಣೇ."

"ಅದನ್ನ ನೀವು ಬೆಳಿಗ್ಗೆ ಆರಕ್ಕೇ ಹಚ್ತೀರಲ್ಲ?"

ನಿಯಮ ಅಲ್ಲಿಗೆ ಮುಗಿಯಿತು.

ಇವಳಿಗೆ ಆಮೇಲೆ ಸ್ಕೂಟರ್ ಬೇಕಾಯಿತು. ಬೇಡ ಅಂದೆ. ಊರಿನ ಕತೆಯನ್ನೇ ನನ್ನ ಮೇಲೆ ಎತ್ತಿಕೊಂಡು ಬಂದಳು. ಸಖರಾಯಪಟ್ಟಣದ ದೊರೆ ರುಕ್ಮಾಂಗದ ದೊಡ್ಡ ಮಗಳಿಗೆ ಹಿರೇಮಗಳೂರನ್ನೂ ಚಿಕ್ಕ ಮಗಳಿಗೆ ಚಿಕ್ಕಮಗಳೂರನ್ನೂ ಬಳುವಳಿ ಕೊಟ್ಟ ಅಂತ ಇಲ್ಲಿ ಎಲ್ಲರೂ ಹೇಳುತ್ತಾರಲ್ಲ, ಅದು.

"ಆ ಅಪ್ಪ ಚಿಕ್ಕ ಮಗಳಿಗೆ ಇಡೀ ಊರು ಕೊಟ್ಟ. ನೀವು ಒಂದು ಸ್ಕೂಟರ್ ಕೊಡಲ್ವಾ?"

"ಅವನಿಗೆ ಇಬ್ಬರೇ ಇದ್ದರು. ನನಗೆ ನಾಲ್ಕು ಜನ" ಅಂದೆ.

ಕೂಡಲೇ ನಡುವಿನವರಿಬ್ಬರೂ ರೂಮಿನಿಂದ ಆಚೆ ಬಂದರು. "ಹಾಗಾದ್ರೆ ನಮಗೇನು? ಎರಡೂರಿನ ಮಧ್ಯದ ರಸ್ತೆನಾ?" ಅಷ್ಟರಲ್ಲಿ ಬ್ಯಾಂಕಿನಿಂದ ಬಂದ ದೊಡ್ಡವಳು ಚಪ್ಪಲಿ ಬಿಡುತ್ತಾ, "2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಪ್ಪ, ನಾಲ್ಕು ಭಾಗ ಮಾಡಿ" ಅಂದಳು. ನನ್ನ ಪಿತ್ರಾರ್ಜಿತ ಅಂದರೆ ನಮ್ಮಪ್ಪನ ಒಂದು ಕರಿ ಕಂಬಳಿ, ಒಂದು ಗೋಡೆ ಗಡಿಯಾರ. ಗಡಿಯಾರ ನಿಂತುಹೋಗಿದೆ. ಕಂಬಳಿ ಇನ್ನೂ ಭಾಗವಾಗಿಲ್ಲ. ಸ್ಕೂಟರ್ ಬಂತು.

ಆ ಸ್ಕೂಟರಿನಿಂದ ನನಗೂ ಒಂದು ಉಪಯೋಗವಾಯಿತು ಅನ್ನಬೇಕು. ಮನೆಯಲ್ಲಿ ಬಚ್ಚಲು ಒಂದೇ, ದೊಡ್ಡ ಕನ್ನಡಿಯೂ ಒಂದೇ, ಅದೂ ಬಚ್ಚಲಿನೊಳಗೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಅಲ್ಲಿ ನನಗೆ ಪ್ರವೇಶವಿಲ್ಲ. ಹಾಗಾಗಿ ಅಂಗಳದಲ್ಲಿ ಸ್ಕೂಟರಿನ ಕನ್ನಡಿ ತಿರುಗಿಸಿಕೊಂಡು ಗಡ್ಡ ಕೆರೆದುಕೊಳ್ಳುತ್ತೇನೆ. ಒಂದು ದಿನ ಬಲಗೆನ್ನೆ ಮುಗಿದಿತ್ತು, ಎಡಕ್ಕೆ ಸೋಪು ಹಚ್ಚಿದ್ದೆ. "ಅಪ್ಪಾ, ಲೇಟಾಯ್ತು, ಸರೀರಿ" ಅಂದವಳೇ ಚಿಕ್ಕವಳು ಸ್ಕೂಟರ್ ಹತ್ತಿ ಹೋದಳು. ಎಡಗೆನ್ನೆಯನ್ನು ಹಾಲಿನವನ ಬೈಕಿನಲ್ಲಿ ಮುಗಿಸಿದೆ. ಪಾಪ, ಅವನು ನಾಲ್ಕು ಮನೆಗೆ ತಡವಾಗಿ ಹಾಲು ಹಾಕಿದ.

ಕನ್ನಡಿಯ ವಿಷಯ ಬಂದದ್ದಕ್ಕೆ ಬೇಲೂರಿನದೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಆರೂ ಜನ ಚೆನ್ನಕೇಶವನ ದರ್ಶನಕ್ಕೆ ಹೊರಟೆವು. ಕೆಂಪು ಬಸ್ಸಿನಲ್ಲೇ ಹೋಗಬೇಕು ಅಂತ ಮನೆಯವಳ ಹಟ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ಅದಕ್ಕೆ. ಐದೂ ಜನ ಆಧಾರ್ ಕಾರ್ಡ್ ಎತ್ತಿ ಹಿಡಿದರು. ಕಂಡಕ್ಟರ್ ಟರ್ರ್ ಟರ್ರ್ ಅಂತ ಐದು ಸೊನ್ನೆ ಟಿಕೆಟ್ ಹರಿದು ಕೊಟ್ಟು, "ಗಂಡಸು ಎಷ್ಟು?" ಅಂದ.

"ಒಂದೇ" ಅಂದಳು ನಮ್ಮವಳು, ಲಗೇಜಿನ ಲೆಕ್ಕ ಹೇಳುವ ಹಾಗೆ.

ಸೀಟು ಸಿಕ್ಕಿದ್ದೂ ಅವರಿಗೇ. ಆ ಬಸ್ಸಿನಲ್ಲಿ ದುಡ್ಡು ಕೊಟ್ಟವರೆಲ್ಲ ನಿಂತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಏನೂ ಮಾತಾಡಲಿಲ್ಲ.

ದೇವಸ್ಥಾನದಲ್ಲಿ ನನ್ನ ಕೆಲಸ ಐದು ಬ್ಯಾಗು ಹಿಡಿದುಕೊಳ್ಳುವುದು, ಫೋಟೋ ತೆಗೆಯುವುದು. ಆದರೂ ಅವಕಾಶ ಬಿಡಲಿಲ್ಲ. ದರ್ಪಣಸುಂದರಿಯ ಕೆಳಗೆ ಮೂರನೆಯವಳನ್ನು ನಿಲ್ಲಿಸಿದೆ. "ನೋಡು, ವಿಷ್ಣುವರ್ಧನ 1117ರಲ್ಲಿ ಈ ಗುಡಿ ಕಟ್ಟಿಸಿದ. ಅವತ್ತು ಕನ್ನಡಿ ಹಿಡಿದವಳು ಒಂಬೈನೂರು ವರ್ಷವಾದರೂ ಇಟ್ಟಿಲ್ಲ. ನೀನೂ ಹೀಗೇ ಆಗ್ತೀಯ."

ಅವಳು ತಲೆ ಎತ್ತಿ ನೋಡಿದಳು. "ಹೊರಗಿಂದ ಬಾಗಿಲು ಬಡಿಯೋರು ಯಾರೂ ಇಲ್ಲ, ಪುಣ್ಯ ಮಾಡಿದ್ಲು."

ಇಷ್ಟಾದರೂ ಮನೆಗೆ ಯಜಮಾನ ನಾನೇ ಅಂತ ಒಂದು ಧೈರ್ಯವಿತ್ತು. ಅದನ್ನು ತೆಗೆದದ್ದು ಸರ್ಕಾರ. 2013ರಲ್ಲಿ ಆಹಾರ ಭದ್ರತಾ ಕಾಯಿದೆ ಬಂತು. ಮನೆಯಲ್ಲಿ ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯಳೇ ರೇಷನ್ ಕಾರ್ಡಿಗೆ ಮುಖ್ಯಸ್ಥೆ ಅಂತಾಯಿತು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಕ್ಕಿ ಬಂದರೆ ಸಾಕು, ಹೆಸರು ಯಾರದಾದರೇನು? ಆದರೆ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಬಂತು ನೋಡಿ, ತಿಂಗಳಿಗೆ ಎರಡು ಸಾವಿರ, ಮನೆಯ ಯಜಮಾನಿಗೆ. ಯಜಮಾನಿ ಯಾರು ಅಂದರೆ ರೇಷನ್ ಕಾರ್ಡಿನಲ್ಲಿ ಯಾರಿದ್ದಾರೋ ಅವರು. ಮಕ್ಕಳು ಅವಳ ಫೋನಿನಲ್ಲಿ ನನ್ನ ಹೆಸರನ್ನು 'ಯಜಮಾನಿ ಅವರ ಗಂಡ' ಅಂತ ಬದಲಾಯಿಸಿದರು. ಈಗಲೂ ಹಾಗೇ ಇದೆ.

ಬೇಜಾರಾಗಿ ಹಿರೇಮಗಳೂರಿನ ಕೋದಂಡರಾಮನ ಗುಡಿಗೆ ಹೋದೆ. ಅಲ್ಲಿ ಪೂಜೆ ಕನ್ನಡದಲ್ಲೇ ನಡೆಯುತ್ತದೆ, ನನ್ನ ದೂರೂ ದೇವರಿಗೆ ನೇರವಾಗಿ ತಲುಪಬಹುದು ಅಂತ. ಕೈಮುಗಿದು ಕಣ್ಣು ಬಿಟ್ಟೆ. ಎಲ್ಲ ಕಡೆ ರಾಮನ ಎಡಕ್ಕೆ ನಿಲ್ಲುವ ಸೀತಮ್ಮ ಇಲ್ಲಿ ಬಲಕ್ಕೆ ನಿಂತಿದ್ದಾಳೆ. ಎಷ್ಟು ಸಲ ನೋಡಿದ್ದೆನೋ, ಅರ್ಥವಾದದ್ದು ಅವತ್ತೇ. ದೂರು ಹೇಳದೆ ಮಂಗಳಾರತಿ ತೆಗೆದುಕೊಂಡು ಬಂದೆ.

ಈಗ ನನ್ನನ್ನು ಯಜಮಾನ್ರೇ ಅಂತ ಕರೆಯುವವನು ಒಬ್ಬನೇ, ಮೆಡಿಕಲ್ ಶಾಪಿನ ಹುಡುಗ. ಅದಕ್ಕೂ ಒಂದು ಕತೆಯಿದೆ. ಒಂದು ಮಳೆಗಾಲದಲ್ಲಿ ಮನೆಯವಳಿಗೆ ಜ್ವರ. ದೊಡ್ಡವಳು ಒಂದು ಚೀಟಿ ಬರೆದು, ನಾಲ್ಕು ಮಡಿಕೆ ಮಾಡಿ, "ಓದಬೇಡಿ, ಅಂಗಡಿಯವನಿಗೆ ಕೊಡಿ ಸಾಕು" ಅಂದಳು. ನಾನು ಓದಲಿಲ್ಲ. ಅಂಗಡಿ ಹುಡುಗ ಓದಿದ. ಜೋರಾಗಿ ಓದಿದ. "ಅಣ್ಣಾ, ಯಜಮಾನ್ರಿಗೆ ಎಕ್ಸ್‌ಎಲ್ ಪ್ಯಾಡ್ ಎರಡು ಪ್ಯಾಕೆಟ್, ವಿಂಗ್ಸ್ ಇರೋದು!" ಅಂಗಡಿಯಲ್ಲಿ ನನ್ನ ಹಳೇ ಮೇಸ್ತ್ರಿ ಇದ್ದ, ಕೆಮ್ಮಿನ ಔಷಧಿಗೆ ಬಂದವನು. ಅವನು ಮಳೆ ನೋಡಿದ, ನಾನು ಸೀಲಿಂಗ್ ಫ್ಯಾನ್ ನೋಡಿದೆ.

ಅದಾದ ಮೇಲೆ ಅಂಗಡಿ ಖಾಲಿಯಾಗುವವರೆಗೆ ಕಾಯುವುದು ರೂಢಿಯಾಯಿತು. ಸುಮ್ನೆ ನಿಲ್ಲಲಾಗದೆ ಶುಂಠಿ ಪೆಪ್ಪರ್‌ಮೆಂಟು, ನೋವಿನ ಮುಲಾಮು ಅಂತ ಏನಾದರೂ ಕೊಳ್ಳುತ್ತಿದ್ದೆ. ಮನೆಯ ಒಂದು ಡ್ರಾಯರ್ ಪೂರ್ತಿ ಮುಲಾಮು. ನಾಚಿಕೆ ಹೋದದ್ದು ಲೆಕ್ಕದಿಂದ. 2018ರ ಜುಲೈನಲ್ಲಿ ಪ್ಯಾಡಿನ ಮೇಲಿದ್ದ ಶೇಕಡಾ 12 ಜಿಎಸ್‌ಟಿ ತೆಗೆದರು. ಐದು ಜನರಿಗೆ ತರುವವನಿಗೆ ಅದು ಸಣ್ಣ ಮಾತಲ್ಲ. ಹೊಸ ರೇಟು ಹಾಕಿದ್ದಾನೋ ಇಲ್ಲವೋ ಅಂತ ಅಂಗಡಿಯಲ್ಲಿ ನಿಂತು ಗಟ್ಟಿಯಾಗಿ ವಿಚಾರಿಸಿದೆ. ಮೊನ್ನೆ ಹೊಸದಾಗಿ ಮದುವೆಯಾದವನಿರಬೇಕು, ಒಬ್ಬ ಹುಡುಗ ಯಾವುದೋ ಪ್ಯಾಕೆಟ್ ಹಿಡಿದುಕೊಂಡು ತಡಬಡಿಸುತ್ತಿದ್ದ. "ಅದು ರಾತ್ರಿಗೆ ಸಾಲಲ್ಲ ಕಣಪ್ಪ" ಅಂದೆ. ಹುಡುಗ ಪ್ಯಾಕೆಟ್ ಅಲ್ಲೇ ಇಟ್ಟು ಓಡಿದ. ಈ ಕಾಲದ ಹುಡುಗರಿಗೆ ಧೈರ್ಯ ಕಡಿಮೆ.

ಇನ್ನು ಗಂಡಿನವರು ಬಂದ ವಿಷಯ. ದೊಡ್ಡವಳಿಗೆ ಮೂಡಿಗೆರೆ ಕಡೆಯ ಸಂಬಂಧ, ಸ್ವಂತ ತೋಟ. ನಾನೇ ಮುಂದೆ ನಿಂತು ಎಲ್ಲ ಶಾಸ್ತ್ರವಾಗಿ ನಡೆಯಬೇಕು ಅಂತ ಹಟ ಹಿಡಿದೆ. ಹುಡುಗಿ ಸೀರೆ ಉಟ್ಟು ಕಾಫಿ ತರಬೇಕು, ಉಳಿದವರು ಅಡುಗೆಮನೆ ಬಿಟ್ಟು ಬರಬಾರದು. ಹುಡುಗನ ಅಪ್ಪ ಬರುವಾಗ ತಮ್ಮ ತೋಟದ ಪುಡಿ ಅಂತ ಎರಡು ಪ್ಯಾಕೆಟ್ ತಂದಿದ್ದರು. "ಶುದ್ಧ ಅರೇಬಿಕಾ ರೈಟರೇ, ಒಂದು ಚೂರೂ ಬೆರಕೆ ಇಲ್ಲ." ಮನೆಯವಳು ಮರ್ಯಾದೆಗೆ ಅದೇ ಪುಡಿಯನ್ನು ಫಿಲ್ಟರಿಗೆ ಹಾಕಿದಳು.

ಎರಡನೆಯವಳ ಕೆಲಸದ ರೀತಿ ನಿಮಗೆ ಹೇಳಬೇಕು. ಕಾಫಿಯನ್ನು ಅವಳು ತೂಗಿ ಕುಡಿಯುತ್ತಾಳೆ. ಎಂಟೂಕಾಲು ಗ್ರಾಂ ಪುಡಿಗೆ ನೂರೈವತ್ತು ಎಂಎಲ್ ಬಿಸಿನೀರು, ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆ ಒಡೆಯಬೇಕು. ಆಮೇಲೆ ಚಮಚದಲ್ಲಿ ಎತ್ತಿ ಸೊರ್ರ್ ಅಂತ ಎಳೆದು, ಬಾಯಲ್ಲಿ ಆಡಿಸಿ, ಉಗಿಯಬೇಕು. ಚಿಕ್ಕಂದಿನಲ್ಲಿ ಸದ್ದು ಮಾಡಿ ಕುಡಿದರೆ ತಲೆಗೆ ಮೊಟಕುತ್ತಿದ್ದವನು ನಾನು. ಈಗ ಅದನ್ನೇ ದುಡ್ಡು ಕಟ್ಟಿ ಕಲಿತು ಬಂದಿದ್ದಾಳೆ.

ನಾವು ನಡುಮನೆಯಲ್ಲಿ ಈ ಸಲದ ಬೆಲೆ, ಆಳಿನ ಕಷ್ಟ ಮಾತಾಡುತ್ತಿದ್ದೆವು. ಅಡುಗೆಮನೆಯಿಂದ ಸೊರ್ರ್ ಅಂತ ಕೇಳಿತು. ಹುಡುಗನ ಅಪ್ಪ ಮಾತು ನಿಲ್ಲಿಸಿದರು. ಆಮೇಲೆ ಥೂ ಅಂತ ಕೇಳಿತು. ಅದರ ಹಿಂದೆಯೇ ಮಾತು.

"ಅರೇಬಿಕಾ ಅಂತೆ! ಅಮ್ಮಾ, ಇದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಚಿಕೋರಿ."

ನಾನು ಗಟ್ಟಿಯಾಗಿ ಹವಾಮಾನದ ಮಾತು ತೆಗೆದೆ. ಏನು ಪ್ರಯೋಜನ? ಅವಳು ಒಂದು ಗಾಜಿನ ಲೋಟದಲ್ಲಿ ತಣ್ಣೀರು ಹಿಡಿದು ನೇರ ನಡುಮನೆಗೇ ಬಂದಳು. ಟೀಪಾಯಿ ಮೇಲಿಟ್ಟು ಒಂದು ಚಿಟಿಕೆ ಪುಡಿ ಉದುರಿಸಿದಳು. ಕಾಫಿ ಪುಡಿ ನೀರಿನ ಮೇಲೆ ತೇಲುತ್ತದೆ, ಚಿಕೋರಿ ಬೇರಿನ ಪುಡಿ ಮುಳುಗುತ್ತದೆ. ಲೋಟದಲ್ಲಿ ಕಂದು ಗೆರೆಗಳು ಸರಸರ ಕೆಳಗಿಳಿದವು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಬಾಗಿಲಲ್ಲಿ ನಿಂತಿದ್ದ ಚಿಕ್ಕವಳು, ಯಾರೂ ಕೇಳದಿದ್ದರೂ, "ಚಿಕೋರಿ ಮಿಕ್ಸ್‌ನಲ್ಲಿ ಕಾಫಿ ಕನಿಷ್ಠ ಐವತ್ತೊಂದು ಪರ್ಸೆಂಟ್ ಇರಬೇಕು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೂ ಬರೀಬೇಕು" ಅಂತ ಕಾನೂನು ಹೇಳಿದಳು. ಸೀರೆ ಉಟ್ಟ ದೊಡ್ಡವಳು ಟ್ರೇ ಹಿಡಿದು ಬಂದದ್ದನ್ನು ಯಾರೂ ನೋಡಲೇ ಇಲ್ಲ.

ಸಂಬಂಧ ಮುರಿಯಿತು ಅಂದುಕೊಂಡೆ. ಹುಡುಗ ಎದ್ದು ನಿಂತ.

"ಅಪ್ಪಾಜಿ, ನಾನು ಹೇಳಿರ್ಲಿಲ್ವಾ? ನಮ್ಮ ಬೀಜ ಚೆನ್ನಾಗೇ ಇದೆ. ಪುಡಿ ಮಾಡಿಸೋ ಕಡೆ ಸೇರಿಸ್ತಾ ಇದ್ದಾರೆ."

ಆಮೇಲೆ ಅವನೂ ಎರಡನೆಯವಳೂ ಆ ಲೋಟದ ಮುಂದೆ ಕೂತವರು ಏಳಲಿಲ್ಲ. ಪಲ್ಪ್ ಮಾಡಿದ ಮೇಲೆ ಎಷ್ಟು ಹೊತ್ತು ನೆನೆಸಬೇಕು, ಕಣದಲ್ಲಿ ಎಷ್ಟು ತೆಳ್ಳಗೆ ಹರಡಬೇಕು, ಇದೇ ಮಾತು. ಅವನ ಅಪ್ಪನೂ ನಾನೂ ಕೋಡುಬಳೆ ಮುರಿಯುತ್ತಾ ಕೂತೆವು. ದೊಡ್ಡವಳು ಒಳಗೆ ಹೋಗಿ ಸೀರೆ ಬಿಚ್ಚಿ ನೈಟಿ ಹಾಕಿಕೊಂಡು, ಮಿಕ್ಕ ಕೋಡುಬಳೆ ಮುಗಿಸಿದಳು. ಅವಳಿಗೆ ಈ ಮದುವೆ ಮೊದಲೇ ಇಷ್ಟವಿರಲಿಲ್ಲವಂತೆ. ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತಂತೆ.

ಹುಡುಗ ಈಗ ಆಗಾಗ ಬರುತ್ತಾನೆ. ಸ್ಯಾಂಪಲ್ ತರುತ್ತಾನೆ. ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಸೊರ್ರ್ ಅನ್ನುತ್ತಾರೆ.

ನಮ್ಮ ಮನೆಯದು ಅಂತ ಒಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ನಾನು ದಿನಾ ಪಂಚಾಂಗ ಹಾಕುತ್ತೇನೆ, ಯಾರೂ ಉತ್ತರ ಕೊಡುವುದಿಲ್ಲ. ನಾನಿಲ್ಲದ ಇನ್ನೊಂದು ಗ್ರೂಪೂ ಇದೆ ಅಂತ ಗೊತ್ತಾದದ್ದು ಇವತ್ತು, ಗುರುವಾರ. ಅಲ್ಲಿಗೆ ಹೋಗಬೇಕಿದ್ದ ದೊಡ್ಡವಳ ಮೆಸೇಜು ಇಲ್ಲಿಗೆ ಬಂತು. "ಭಾನುವಾರ ಸಂಜೆ ಐದಕ್ಕೆ ಅವರ ಮನೆಯವರು ಬರ್ತಾರೆ, ಈ ಸಲ ಎರಡನೆಯವಳಿಗೆ. ಅಪ್ಪಂಗೆ ಶನಿವಾರ ಹೇಳಿದ್ರೆ ಸಾಕು. ಮೊದಲೇ ಹೇಳಿದ್ರೆ ಪಂಚಾಂಗ ತೆಗೀತಾರೆ." ಓದಿ ಮುಗಿಸುವಷ್ಟರಲ್ಲಿ ಡಿಲೀಟ್ ಆಯಿತು.

ಪಂಚಾಂಗ ತೆಗೆದೇ ತೆಗೆದೆ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಐದು ಗಂಟೆ ಅಂದರೆ ಸರಿಯಾಗಿ ರಾಹುವಿನ ಬಾಯಿಗೇ. ನಾಲ್ಕಕ್ಕೆ ಬನ್ನಿ ಅಂತ ಹೇಳಿಸಬೇಕು. ಆದರೆ ಶನಿವಾರದವರೆಗೆ ನನಗೆ ವಿಷಯವೇ ಗೊತ್ತಿಲ್ಲವಲ್ಲ! ರಾತ್ರಿ ಊಟಕ್ಕೆ ಕೂತಾಗ, ಯಾರ ಮುಖವನ್ನೂ ನೋಡದೆ, "ಈಗೀಗ ಭಾನುವಾರ ನಾಲ್ಕೂವರೆ ಮೇಲೆ ಮಳೆ ಬರೋ ಹಾಗಿದೆ" ಅಂದೆ.

"ಅಪ್ಪಾ, ಇದು ಫೆಬ್ರವರಿ" ಅಂದಳು ಚಿಕ್ಕವಳು.

"ಕಾಫಿ ಹೂ ಅರಳಿಸೋ ಹೂಮಳೆ ಬರಬಾರದಾ?"

"ಅದಕ್ಕೂ ಟೈಮ್ ಟೇಬಲ್ ಇದೆಯಾ?"

ನಾಳೆ ಒಂದು ದಿನ ಇದೆ. ಬೇರೆ ಏನಾದರೂ ಯೋಚಿಸಬೇಕು.