ಹೆಸರಿನ ಬಾಲಕ್ಕೆ ಅಂಟಿದ ಒಂದು ‘ನ್’

ಬೆಳಗ್ಗೆ ಬ್ಯಾಂಕಿಗೆ ಹೋಗಿ ಬಂದವನು ಇನ್ನೂ ಅಂಗಿ ಬಿಚ್ಚಿಲ್ಲ. ಇದನ್ನು ಬರೆಯದೆ ನನಗೆ ಊಟ ಸೇರಲಿಕ್ಕಿಲ್ಲ.

ಪಾಸ್‌ಬುಕ್ ಎಂಟ್ರಿ ಮಾಡಿಸಲಿಕ್ಕೆ ಹೋದದ್ದು. ನನ್ನ ಮುಂದೆ ನಮ್ಮ ಕಾಸರಗೋಡು ಕಡೆಯ ಒಬ್ಬ ಹುಡುಗ ನಿಂತಿದ್ದ. ದುಬೈಯಲ್ಲಿ ಕೆಲಸ, ರಜೆಯಲ್ಲಿ ಬಂದಿದ್ದಾನೆ. ಮೂವತ್ತು ದಿನದ ರಜೆಯಲ್ಲಿ ಇಪ್ಪತ್ತೊಂದು ದಿನ ಮುಗಿದಿದೆ. ಅವನ ನಿಜವಾದ ಹೆಸರು ಇಲ್ಲಿ ಬೇಡ, ಕೃಷ್ಣ ಅಂತ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಕೃಷ್ಣ. ಅವನ ಹಳೆಯ ಎಸ್‌ಬಿ ಖಾತೆಯಲ್ಲಿ ಕೃಷ್ಣ. ಪಾಸ್‌ಪೋರ್ಟಿನಲ್ಲಿ ಮಾತ್ರ ಕೃಷ್ಣನ್. ದುಬೈಯವರು ಪಾಸ್‌ಪೋರ್ಟ್ ನೋಡಿ ವೀಸಾ ಕೊಟ್ಟರು, ವೀಸಾ ನೋಡಿ ಅಲ್ಲಿಯ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಕೊಟ್ಟರು, ಐಡಿ ನೋಡಿ ಬ್ಯಾಂಕ್ ಖಾತೆ ಕೊಟ್ಟರು. ಅಲ್ಲಿ ಅವನು ಅಡಿಯಿಂದ ಮುಡಿಯವರೆಗೆ ಕೃಷ್ಣನ್.

ಹೊರದೇಶಕ್ಕೆ ಕೆಲಸಕ್ಕೆ ಹೋದವನು ಊರಿನ ಎಸ್‌ಬಿ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವ ಹಾಗಿಲ್ಲ, ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಅದನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ಇರುವವರ ಊರಿನ ಆದಾಯದ ಖಾತೆ, ಮಾಡಿಸಬೇಕು. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಎಂಬ ಖಾತೆ ಬೇರೆ ತೆರೆಯಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಮೂಲದಲ್ಲೇ 30 ಶೇಕಡಾ ಮತ್ತು ಅದರ ಮೇಲೆ ಸೆಸ್ ಕಡಿತ. ಹುಡುಗ ಇದನ್ನೆಲ್ಲ ತಿಳಿದುಕೊಂಡು, ನಿಯಮ ಪ್ರಕಾರ ನಡೆಯಬೇಕು ಅಂತಲೇ ಬಂದವನು. ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಹಳೆಯ ಖಾತೆಯಲ್ಲೇ ದುಡ್ಡು ಹಾಕಿಸಿಕೊಳ್ಳುವವರು ನಮ್ಮೂರಲ್ಲಿ ಎಷ್ಟು ಮಂದಿ ಬೇಕು? ಅವರಿಗೆ ಯಾರೂ ಏನೂ ಕೇಳುವುದಿಲ್ಲ. ಸರಿಯಾಗಿ ಮಾಡಲಿಕ್ಕೆ ಬಂದವನನ್ನೇ ನಿಲ್ಲಿಸುವುದು.

ಕೌಂಟರಿನಲ್ಲಿದ್ದ ಮೇಡಂ ಕೇರಳದ ತೆಂಕಣ ಜಿಲ್ಲೆಯವರು, ಒಳ್ಳೆಯವರೇ. ಪೆನ್ನಿನ ಮುಚ್ಚಳದಿಂದ ಪಾಸ್‌ಪೋರ್ಟಿನ ಆ ಕೊನೆಯ ಅಕ್ಷರವನ್ನು ಮೂರು ಸಲ ಕುಟ್ಟಿ, “ಪೇರ್ ಶೆರಿಯಲ್ಲಲ್ಲೋ ಚೇಟ್ಟಾ” ಅಂದರು. ಹೆಸರು ಸರಿ ಇಲ್ಲವಂತೆ. ಹುಡುಗ ಆ ಅಕ್ಷರವನ್ನು ನೋಡಿದ, ಅವರ ಮುಖ ನೋಡಿದ, ಮತ್ತೆ ತಿರುಗಿ ನನ್ನನ್ನು ನೋಡಿದ. ಇಪ್ಪತ್ತಾರು ವರ್ಷದ ಗಂಡಸು, ಶಾಲೆಯಲ್ಲಿ ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ನನ್ನ ಹೊಟ್ಟೆ ಉರಿದದ್ದು ಅಲ್ಲಿ.

ಅವನ ಹೆಸರು ಸರಿಯೇ ಇದೆ ಮಾರಾಯ್ರೇ. ಅವನ ಅಮ್ಮ ತೊಟ್ಟಿಲಲ್ಲಿ ಇಟ್ಟ ಹೆಸರು ಅದು. ಸರಿ ಇಲ್ಲದ್ದು ಬರೆದವರ ಕೈ.

ಆ ‘ನ್’ ಎಲ್ಲಿಂದ ಬಂತು ಅಂತ ನಮಗೆಲ್ಲ ಗೊತ್ತುಂಟು. ನಮ್ಮ ಅಜ್ಜಂದಿರ ಕಾಲದಲ್ಲಿ ಇದು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆ. ಜಾಗದ ಹಳೆಯ ದಸ್ತಾವೇಜು ತೆಗೆದು ನೋಡಿ, ಎಲ್ಲ ಕನ್ನಡ. 1956ರ ನವೆಂಬರ್ 1ಕ್ಕೆ ಕೇರಳ ಆಯಿತು, ಕಚೇರಿಗೆ ಮಲಯಾಳ ಬಂತು. ಮಲಯಾಳದಲ್ಲಿ ಗಂಡಸಿನ ಹೆಸರಿನ ಕೊನೆಗೆ ‘ನ್’ ಬರುವುದು ವಾಡಿಕೆ: ರಾಮನ್, ಗಣೇಶನ್, ನಾರಾಯಣನ್. ಬರೆದ ಗುಮಾಸ್ತನಿಗೆ ಕೆಟ್ಟ ಮನಸ್ಸು ಇತ್ತು ಅಂತ ನಾನು ಹೇಳುವುದಿಲ್ಲ, ಅವನ ಕೈಗೆ ಹಾಗೆ ಅಭ್ಯಾಸ. ರೇಷನ್ ಕಾರ್ಡಿನಲ್ಲಿ ಕೃಷ್ಣನ್ ಆದ. ಓದಲಿಕ್ಕೆ ಬಾರದ ಅಪ್ಪ ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟ. ಅದೇ ಕಾರ್ಡು ತೋರಿಸಿ ಮುಂದಿನ ಕಾರ್ಡು, ಅದನ್ನು ತೋರಿಸಿ ಪಾಸ್‌ಪೋರ್ಟ್. ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಕನ್ನಡ ಮಾಷ್ಟ್ರು ಬರೆದ ಕೃಷ್ಣ ಹಾಗೆಯೇ ಉಳಿದ. ಒಬ್ಬನೇ ಮನುಷ್ಯ, ಊರು ಬಿಡುವ ಮೊದಲೇ ಇಬ್ಬರಾದ.

ಊರಲ್ಲಿ ಇದ್ದಷ್ಟು ದಿನ ಇದು ನಡೆಯುತ್ತದೆ. ಪಂಚಾಯತಿನಲ್ಲಿ, ಸೊಸೈಟಿಯಲ್ಲಿ ಮುಖ ನೋಡಿದರೆ ಸಾಕು. ಪರದೇಶಕ್ಕೆ ಕಾಲಿಟ್ಟ ಮೇಲೆ ಮುಖಕ್ಕೆ ಬೆಲೆ ಇಲ್ಲ, ಅಕ್ಷರಕ್ಕೆ ಮಾತ್ರ ಬೆಲೆ. ಅಲ್ಲಿಯ ಬ್ಯಾಂಕಿನಲ್ಲಿ ನೀನು ಪಾಸ್‌ಪೋರ್ಟ್, ರೆಸಿಡೆನ್ಸ್ ವೀಸಾ, ಎಮಿರೇಟ್ಸ್ ಐಡಿ, ಕಂಪನಿಯ ಸಂಬಳ ಪತ್ರ, ಇಷ್ಟೇ. ಐಡಿ ಅವಧಿ ಮುಗಿದು ಹೊಸದನ್ನು ಬ್ಯಾಂಕಿಗೆ ಕೊಡಲಿಲ್ಲವಾದರೆ ಒಂದು ದಿನ ಎಟಿಎಂ ಮುಂದೆ ನಿಂತಾಗ ಕಾರ್ಡು ಕೆಲಸ ಮಾಡುವುದಿಲ್ಲ. ಆ ಐಡಿಯಲ್ಲಿ ಹೆಸರು ಇಂಗ್ಲಿಷಿನಲ್ಲಿ ಒಂದು ಸಲ, ಅರಬಿಯಲ್ಲಿ ಒಂದು ಸಲ. ಅರಬಿಯಲ್ಲಿ ‘ಪ’ ಅಕ್ಷರವೇ ಇಲ್ಲ, ನಮ್ಮ ಪದ್ಮನಾಭ ಅಲ್ಲಿ ಬದ್ಮನಾಭ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ, ಮತ್ತೆ ಅರಬಿಗೆ. ಇಷ್ಟು ಹೊಳೆ ದಾಟಿದ ಹೆಸರಿನಲ್ಲಿ ಒಂದು ಅಕ್ಷರ ಒದ್ದೆ ಆಗದೆ ಉಳಿಯಬೇಕು ಅಂದರೆ ಹೇಗೆ?

2022ರ ನವೆಂಬರ್ 21ರಿಂದ ಯುಎಇಯವರು ಮತ್ತೊಂದು ತಂದರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಸರ್‌ನೇಮ್ ಜಾಗ ಖಾಲಿ ಇದ್ದರೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದರು. ನಮ್ಮಲ್ಲಿ ಸರ್‌ನೇಮ್ ಎಂದರೆ ಎಂತ? ಕೆಲವರಿಗೆ ಮನೆ ಹೆಸರು, ಕೆಲವರಿಗೆ ಜಾತಿ ಹೆಸರು, ತುಂಬಾ ಮಂದಿಗೆ ಏನೂ ಇಲ್ಲ, ಒಂದು ಇನಿಷಿಯಲ್ ಮಾತ್ರ. ಹಾಗಾಗಿ ಅಪ್ಪನ ಹೆಸರು ಹಾಕಿ ಪಾಸ್‌ಪೋರ್ಟ್ ತಿದ್ದಿಸಿಕೊಂಡರು. ತಿದ್ದಿದ ದಿನವೇ ಊರಿನ ಹಳೆಯ ಖಾತೆಗೆ, ಪಾನ್ ಕಾರ್ಡಿಗೆ ಅದು ತಾಳೆ ತಪ್ಪಿತು.

ನನ್ನ ಪಾಸ್‌ಪೋರ್ಟಿನಲ್ಲೂ ಆ ಜಾಗದಲ್ಲಿ ಅಪ್ಪನ ಹೆಸರೇ ಇದ್ದದ್ದು. ದುಬೈಯ ದೇರಾದಲ್ಲಿ ಮೊದಲ ಸಲ ಖಾತೆ ತೆರೆಯಲಿಕ್ಕೆ ಹೋದ ದಿನ, ಎಸಿಯ ಚಳಿಗೆ ಕೈ ಮಡಚಿ ಕೂತಿದ್ದೆ. ಒಳಗಿನಿಂದ ಒಬ್ಬರು ಬಂದು ‘ಮಿಸ್ಟರ್’ ಸೇರಿಸಿ ಅಪ್ಪನ ಹೆಸರು ಕರೆದರು. ಅಪ್ಪ ತೀರಿಕೊಂಡು ಆಗ ಏಳು ತಿಂಗಳು. ನನಗೆ ಏಳಲಿಕ್ಕೆ ಆಗಲಿಲ್ಲ. ಎರಡನೆಯ ಸಲ ಕರೆದಾಗ ಎದ್ದು ಹೋದೆ. ಜನ್ಮದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತದ ಮನುಷ್ಯನ ಹೆಸರಿನಲ್ಲಿ ಹದಿನಾಲ್ಕು ವರ್ಷ ಸಂಬಳ ತೆಗೆದೆ. ಮನೆಯಲ್ಲಿ ಈವರೆಗೆ ಹೇಳಿರಲಿಲ್ಲ, ಇಲ್ಲಿ ಬರೆದುಬಿಟ್ಟೆ.

ಇನ್ನೊಂದು ಹೇಳಲಿಕ್ಕೆ ಉಂಟು, ಅದು ಇದಕ್ಕಿಂತ ಕಷ್ಟದ್ದು. 2009ರಲ್ಲಿ ಯುಎಇ ಸರ್ಕಾರ ವೇತನ ರಕ್ಷಣೆಯ ವ್ಯವಸ್ಥೆ ತಂದಿತು. ಡಬ್ಲ್ಯೂಪಿಎಸ್ ಅಂತ ಎಲ್ಲರೂ ಕರೆಯುವುದು. ಸಂಬಳ ಕೈಯಲ್ಲಿ ಎಣಿಸಿ ಕೊಡುವ ಹಾಗಿಲ್ಲ, ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಹೋಗಬೇಕು. ಒಳ್ಳೆಯ ಕಾನೂನು, ಎಷ್ಟೋ ಕೂಲಿಯವರ ಸಂಬಳ ಉಳಿಯಿತು. ನಮ್ಮ ಕಂಪನಿಯಲ್ಲಿ ಆಳುಗಳ ಅರ್ಜಿ ತುಂಬಿಸುವ ಕೆಲಸ ನನಗೆ ಬಂತು. ಕುಂಬಳೆ ಕಡೆಯ ಒಬ್ಬರು ಇದ್ದರು. ಊರಿನವರಲ್ವಾ, ಹೆಸರು ಗೊತ್ತುಂಟಲ್ಲ ಎಂಬ ಧೈರ್ಯದಲ್ಲಿ ಪಾಸ್‌ಪೋರ್ಟ್ ನೋಡದೆ, ಬಾಯಲ್ಲಿ ಕರೆಯುವ ಹಾಗೆ ಬರೆದೆ. ಅರ್ಜಿ ವಾಪಸು ಬಂತು. ತಿದ್ದಿ ಕಳಿಸುವಷ್ಟರಲ್ಲಿ ಎರಡು ತಿಂಗಳು ಅವರ ಸಂಬಳ ನಿಂತಿತು. ಅದೇ ಸಮಯಕ್ಕೆ ಊರಲ್ಲಿ ಅವರ ತಂಗಿಯ ನಿಶ್ಚಿತಾರ್ಥ, ಬಡ್ಡಿಗೆ ಸಾಲ ತೆಗೆದು ಕಳಿಸಿದರು. ಒಂದು ರಾತ್ರಿ ರೂಮಿನಲ್ಲಿ ಗಂಜಿ ಊಟಕ್ಕೆ ಕೂತಾಗ ಅವರು ಹೇಳಿದ್ದು, “ನನ್ನ ಹೆಸರೇ ಸರಿ ಇಲ್ಲ ಅಣ್ಣಾ, ನಿಮಗೆ ತೊಂದರೆ ಆಯಿತು.” ತಪ್ಪು ನನ್ನದು ಅಂತ ನಾನು ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಇವತ್ತು ಆ ಹುಡುಗ ತಿರುಗಿ ನನ್ನನ್ನು ನೋಡಿದಾಗ ಆ ಗಂಜಿಯ ಬಟ್ಟಲು ಕಣ್ಣ ಮುಂದೆ ಬಂತು.

ಈಗ ಕೆಲವರು ಹೇಳುತ್ತೀರಿ: ಬ್ಯಾಂಕಿನವರು ಎಂತ ಮಾಡುವುದು, ಅವರಿಗೆ ಗ್ರಾಹಕನ ಗುರುತು ನೋಡುವ ಕೆವೈಸಿ ನಿಯಮ ಉಂಟು, ಕಳ್ಳ ಹಣ ತಡೆಯಬೇಡವಾ ಅಂತ. ತಡೆಯಲಿ. ಯಾರ ದುಡ್ಡು ಎಂದು ನೋಡದೆ ಖಾತೆ ಕೊಡಿ ಅಂತ ನಾನು ಕೇಳಿದೆನಾ? ಆದರೆ ಆ ನಿಯಮ ಏನು ಹೇಳುತ್ತದೆ ಎಂದು ಓದಿ ನೋಡಿದ್ದೀರಾ? ದಾಖಲೆ ಕೊಟ್ಟ ಮೇಲೆ ಹೆಸರು ಬದಲಾಗಿದ್ದರೆ ಮದುವೆ ಸರ್ಟಿಫಿಕೇಟ್ ಅಥವಾ ಗೆಜೆಟ್ ಪ್ರಕಟಣೆ ಇದ್ದರೆ ಸಾಕು ಅನ್ನುತ್ತದೆ ರಿಸರ್ವ್ ಬ್ಯಾಂಕಿನ ನಿರ್ದೇಶನ. ಅಂದರೆ ಹೆಸರು ಬದಲಾಗುವುದಕ್ಕೆ ಅವರಿಗೆ ಗೊತ್ತಿರುವ ದಾರಿ ಎರಡೇ: ಮದುವೆಯಾಗಬೇಕು, ಇಲ್ಲ ಸ್ವಂತ ಇಷ್ಟದಿಂದ ಬದಲಿಸಿ ಗೆಜೆಟಿನಲ್ಲಿ ಹಾಕಿಸಬೇಕು. ನಮ್ಮ ಹುಡುಗ ಹೆಸರು ಬದಲಿಸಲೇ ಇಲ್ಲವಲ್ಲ! ಬೇರೆಯವರು ಬದಲಿಸಿದ್ದು. ಮಾಡದ ಬದಲಾವಣೆಯನ್ನು ನಾನೇ ಮಾಡಿದೆ ಅಂತ ಗೆಜೆಟಿನಲ್ಲಿ ಹೇಳಿಕೆ ಕೊಡಬೇಕಾ ಅವನು?

ಇಲ್ಲಿ ವಿಲೇಜ್ ಆಫೀಸಿನಲ್ಲಿ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ಅಂತ ಕೊಡುತ್ತಾರೆ, ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರಾಯಿತು. ಈ ಎರಡು ಹೆಸರಿನವನು ಒಬ್ಬನೇ ಅಂತ ಸರ್ಕಾರವೇ ಸೀಲು ಹಾಕಿ ಬರೆದುಕೊಡುವ ಕಾಗದ. ಒಂದು ಬ್ಯಾಂಕಿನಲ್ಲಿ ಅದು ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ. ಇವತ್ತಿನ ಮೇಡಂ, “ತನ್ನಿ, ಮೇಲೆ ಕೇಳಿ ನೋಡುತ್ತೇನೆ” ಅಂದರು. ನೋಡುತ್ತೇನೆ ಎನ್ನುವ ಮಾತಿನ ಮೇಲೆ ಒಂಬತ್ತು ದಿನದ ರಜೆ ನಿಂತಿದೆ.

ಫಾರ್ಮು ಬೇರೆ. ರಿಟೇಲ್ ಗ್ರಾಹಕರಿಗೆ ಕೊಡುವ ಫಾರ್ಮು, ಚಲನ್, ಪಾಸ್‌ಬುಕ್ ಮೂರು ಭಾಷೆಯಲ್ಲಿ ಇರಬೇಕು, ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ, ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ನಮ್ಮಲ್ಲಿ ಪ್ರಾದೇಶಿಕ ಎಂದರೆ ಮಲಯಾಳ ಮಾತ್ರ. ಕನ್ನಡ ಮಾಧ್ಯಮದಲ್ಲಿ ಕಲಿತವನಿಗೆ ಮಲಯಾಳ ಮಾತಾಡಲಿಕ್ಕೆ ಚೆನ್ನಾಗಿ ಬರುತ್ತದೆ, ಬಸ್ಸಿನ ಬೋರ್ಡು ಓದಿಯಾನು, ಸಣ್ಣ ಅಕ್ಷರದ ಒಂದು ಪುಟ ಓದಲಿಕ್ಕೆ ಕಷ್ಟ. ಇಂಗ್ಲಿಷೂ ಅಷ್ಟೇ. ಎಲ್ಲಿ ಸಹಿ ಅಂತ ತೋರಿಸಿದಲ್ಲಿ ಹಾಕುತ್ತಾನೆ. ತನ್ನ ಹೆಸರನ್ನು ಬೇರೆಯವನು ಹೇಗೆ ಬರೆದ ಎಂದು ಅವನಿಗೆ ಗೊತ್ತಾಗುವುದು ಹಣ ವಾಪಸು ಬಂದಾಗ. ನಮ್ಮ ತಾಲೂಕಿನ ಶಾಖೆಗಳಲ್ಲಿ ಕನ್ನಡದ ಒಂದು ಹಾಳೆ ಇಡಲಿಕ್ಕೆ ಎಷ್ಟು ಖರ್ಚು?

ಎಲ್ಲವನ್ನೂ ಪಾಸ್‌ಪೋರ್ಟಿನ ಹಾಗೆ ಬದಲಿಸಿಕೊಂಡರೆ ಮುಗಿಯಿತಲ್ಲ ಎಂದು ಮೆಸೇಜು ಹಾಕಲಿಕ್ಕೆ ಹೊರಟವರಿಗೆ: ಎಸ್ಸೆಸ್ಸೆಲ್ಸಿ, ಪಾನ್, ಆಧಾರ್, ಅಪ್ಪನಿಂದ ಬರುವ ಜಾಗದ ಕಾಗದ, ಇಷ್ಟನ್ನೂ ಒಂದು ‘ನ್’ಗೋಸ್ಕರ ಬದಲಿಸಬೇಕಾ? ಪಾಸ್‌ಪೋರ್ಟನ್ನೇ ತಿದ್ದೋಣ ಎಂದರೆ ವೀಸಾ, ಐಡಿ, ಲೇಬರ್ ಕಾರ್ಡ್, ಅಲ್ಲಿಯ ಬ್ಯಾಂಕ್ ಎಲ್ಲ ಮೊದಲಿನಿಂದ. ಹೇಗೆ ಎಳೆದರೂ ಕಂಬಳಿ ಸಾಲುವುದಿಲ್ಲ.

ಮಕ್ಕಳು ಇರುವವರು ಇವತ್ತೇ ಜನನ ಸರ್ಟಿಫಿಕೇಟು ತೆಗೆದು ಒಂದೊಂದೇ ಅಕ್ಷರ ನೋಡಿ. ಗಲ್ಫಿಗೆ ಹೊರಟವರು ಟಿಕೇಟಿನ ಮೊದಲು ಪಾನ್, ಪಾಸ್‌ಪೋರ್ಟ್, ಪಾಸ್‌ಬುಕ್ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿ. ರಜೆಯಲ್ಲಿ ಬಂದು ನೋಡಿದರೆ ತಡವಾಗುತ್ತದೆ.

ಹುಡುಗನ ಹತ್ತಿರ ನಂಬರು ತೆಗೆದುಕೊಂಡೆ. ಸೋಮವಾರ ಬೆಳಗ್ಗೆ ವಿಲೇಜ್ ಆಫೀಸಿಗೆ ಅವನ ಜೊತೆ ನಾನೂ ಹೋಗುತ್ತೇನೆ. ಶಾಲೆಯ ರಿಜಿಸ್ಟರಿನ ನಕಲು ಕೊಡುತ್ತೇನೆಂದು ಹೆಡ್‌ಮಾಷ್ಟ್ರು ಫೋನಿನಲ್ಲಿ ಒಪ್ಪಿದ್ದಾರೆ. ಆ ಸರ್ಟಿಫಿಕೇಟಿನ ಮೇಲೆಯೇ ಎನ್‌ಆರ್‌ಇ ಖಾತೆ ಆದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಬ್ಯಾಂಕಿನವರು ಮತ್ತೆ ಯಾವ ಕಾಗದ ಕೇಳಿದರು ಎಂದು ಭಾನುವಾರ ರಾತ್ರಿಯೊಳಗೆ ನನಗೆ ತಿಳಿಸಿ. ಮತ್ತೆ, ಕುಂಬಳೆಯ ಆ ಅಣ್ಣನ ಈಗಿನ ನಂಬರು ಹಳೆಯ ರೂಮಿನವರ ಹತ್ತಿರ ಇದ್ದರೆ ಅದನ್ನೂ ಕಳಿಸಿ.