ಐದು ಸೆಂಟ್ಸಿನ ಮನೆಗೆ ಲೇಔಟಿನ ಕಾನೂನು ಯಾಕೆ?

ದಕ್ಷಿಣ ಕನ್ನಡ, ಉಡುಪಿ ಕಡೆ ಮನೆ ಕಟ್ಟಲು ಹೊರಟವರು ಸಿಕ್ಕಿದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ನೈನ್ ಇಲೆವೆನ್ ಆಯ್ತಾ?" ಘಟ್ಟದ ಮೇಲಿನ ಗೆಳೆಯರಿಗಾಗಿ ಹೇಳುತ್ತೇನೆ, ಇದು ಗ್ರಾಮ ಪಂಚಾಯತ್ ಕೊಡುವ ಆಸ್ತಿ ದಾಖಲೆ, ನಮೂನೆ 9 ಮತ್ತು ನಮೂನೆ 11. ಪಂಚಾಯತ್ ಆಸ್ತಿ ದಾಖಲೆಗಳ ಆನ್‌ಲೈನ್ ವ್ಯವಸ್ಥೆ ಇ-ಸ್ವತ್ತು ಬಂದ ಮೇಲೆ ಇದಿಲ್ಲದೆ ಏನೂ ನಡೆಯುವುದಿಲ್ಲ. ಮನೆಯ ಪರವಾನಗಿ, ಬ್ಯಾಂಕ್ ಸಾಲ, ನಿವೇಶನದ ನೋಂದಣಿ ಎಲ್ಲವೂ ಇದರ ಮೇಲೆ ನಿಂತಿವೆ. ಅದಕ್ಕೂ ಮೊದಲು ಸರ್ವೆಯವರಿಂದ ಜಾಗದ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಆಗಬೇಕು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕನ್ವರ್ಶನ್, ಅಂದರೆ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಾಯಿಸುವುದು, ಆಗಬೇಕು. ಆಮೇಲೆ ವಿನ್ಯಾಸ ನಕ್ಷೆಗೆ ಅನುಮೋದನೆ ಸಿಗಬೇಕು.

ಈ ಕೊನೆಯ ಹಂತದಲ್ಲೇ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದಾರೆ. ಹಳ್ಳಿಯ ಒಂಟಿ ನಿವೇಶನದ ನಕ್ಷೆಗೆ ಒಪ್ಪಿಗೆ ಕೊಡುವ ಅಧಿಕಾರ 2025ರಲ್ಲಿ ಪಂಚಾಯತ್ ಕೈಯಿಂದ ನಗರ ಯೋಜನೆಯವರ ಕೈಗೆ ಹೋಯಿತು. ಕರಾವಳಿಯಲ್ಲಿ ದೊಡ್ಡ ಪ್ರತಿಭಟನೆಗಳಾದವು. ಪಕ್ಷಗಳು ಒಂದರ ಮೇಲೊಂದು ತಪ್ಪು ಹೊರಿಸಿದವು. ಆ ಜಗಳ ನನಗೆ ಬೇಡ. ಸಹಿ ಯಾರದ್ದು ಎನ್ನುವುದಕ್ಕಿಂತ, ಸಹಿ ಹಾಕುವ ಮೊದಲು ಯಾವ ಪ್ರಶ್ನೆ ಕೇಳುತ್ತಾರೆ ಎನ್ನುವುದು ನನಗೆ ಮುಖ್ಯ. ಈಗ ಕೇಳುವ ಪ್ರಶ್ನೆಗಳು ಲೇಔಟ್ ಮಾಡುವವರಿಗೆ ಕೇಳಬೇಕಾದ ಪ್ರಶ್ನೆಗಳು. ರಸ್ತೆ ಎಷ್ಟು ಅಗಲ? ಆ ರಸ್ತೆಯನ್ನು ಪಂಚಾಯತ್ ಹೆಸರಿಗೆ ಬರೆದುಕೊಟ್ಟಿದ್ದೀರಾ? ಮೂವತ್ತು ಸೈಟು ಮಾಡಿ ಮಾರುವವನಿಗೆ ಇದನ್ನು ಕೇಳಲೇಬೇಕು. ಅಪ್ಪನ ಜಾಗದಲ್ಲಿ ಪಾಲು ಪಡೆದು ಒಂದು ಮನೆ ಕಟ್ಟುವ ಮಗಳಿಗೂ ಅದನ್ನೇ ಕೇಳಿದರೆ ಅವಳು ಎಲ್ಲಿಂದ ತರಬೇಕು?

ಲೆಕ್ಕ ನೋಡಿ. 33 ಅಡಿ ಅಗಲ, 66 ಅಡಿ ಉದ್ದದ ಜಾಗ ಇದೆ ಅಂದುಕೊಳ್ಳಿ. 2178 ಚದರ ಅಡಿ, ಸರಿಯಾಗಿ ಐದು ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಉದ್ದದ ಬದಿಯಲ್ಲಿ ರಸ್ತೆಗೆ 3 ಮೀಟರ್ ಬಿಡಬೇಕಾಗಿ ಬಂದರೆ ಸುಮಾರು 650 ಚದರ ಅಡಿ ಹೋಯಿತು. ಅಂದರೆ ಒಂದೂವರೆ ಸೆಂಟ್ಸ್. ಉಳಿದ ಅಗಲ 23 ಅಡಿ. ಅದರಲ್ಲೇ ಎರಡೂ ಬದಿ ಖಾಲಿ ಬಿಡಬೇಕು, ಬಾವಿಯಿಂದ ದೂರದಲ್ಲಿ ಶೌಚದ ಗುಂಡಿ ಆಗಬೇಕು, ಮಳೆನೀರು ಹೋಗಲು ಜಾಗ ಬೇಕು. ಮನೆ ಎಲ್ಲಿ ಕೂರುತ್ತದೆ?

ನನ್ನ ಸೋದರತ್ತೆಯ ಮಗನ ಅರ್ಜಿ ಹೀಗೇ ವಾಪಸ್ ಬಂತು. ಅವನ ಜಾಗಕ್ಕೆ ಹೋಗುವ ದಾರಿ ಮೂರು ಮನೆಯವರ ಅಂಗಳದ ಬದಿಯಿಂದ ಹೋಗುತ್ತದೆ. ಒಂದು ಕಡೆ ಎಂಟು ಅಡಿಯೂ ಇಲ್ಲ, ಆಚೆ ಹಳೇ ಕೆಂಪುಕಲ್ಲಿನ ಪಾಗಾರ. ರಿಕ್ಷಾ ಬರುತ್ತದೆ, ಅಷ್ಟೇ. ಮೂವರೂ ನೆರೆಯವರು ಒಳ್ಳೆಯವರು. "ನಡೀಲಿಕ್ಕೆ, ವಾಹನ ತರಲಿಕ್ಕೆ ನಮ್ಮದೇನೂ ಅಡ್ಡಿ ಇಲ್ಲ ಮಾರಾಯಾ, ಬೇಕಾದ್ರೆ ಬರೆದು ಕೊಡ್ತೇವೆ" ಎಂದರು. ಆದರೆ ಕಚೇರಿಗೆ ಒಪ್ಪಿಗೆ ಪತ್ರ ಸಾಲದು, ದಾನಪತ್ರವೇ ಬೇಕು. ತಮ್ಮ ಅಂಗಳವನ್ನು ಶಾಶ್ವತವಾಗಿ ಬರೆದುಕೊಡಿ ಎಂದು ನೆರೆಯವರನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು? ಅವನು ಕೇಳಲಿಲ್ಲ. ಇವತ್ತಿಗೂ ಬಾಡಿಗೆ ಮನೆಯಲ್ಲಿದ್ದಾನೆ.

ನಮ್ಮಲ್ಲಿ ಜಾಗ ಯಾಕೆ ಇಷ್ಟು ಸಣ್ಣದು ಎನ್ನುವುದಕ್ಕೆ ಕಾರಣ ಇದೆ. 1974ರಲ್ಲಿ ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ಬಂದಾಗ ಈ ಜಿಲ್ಲೆಯ ಗೇಣಿ ಒಕ್ಕಲುಗಳು ಡಿಕ್ಲರೇಶನ್ (ಒಡೆತನದ ಅರ್ಜಿ) ಹಾಕಿ ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಒಂದು ಎಕರೆ, ಎರಡು ಎಕರೆ. ನಾಡಿನ ಇತಿಹಾಸದ ದೊಡ್ಡ ಕೆಲಸ ಅದು, ಇವತ್ತಿಗೂ ನನಗೆ ಅದರ ಬಗ್ಗೆ ಹೆಮ್ಮೆ. ಆ ಎಕರೆ ಎರಡು ತಲೆಮಾರು ಪಾಲಾಗಿದೆ. ಐದು ಮಕ್ಕಳು, ಅವರಿಗೆ ತಲಾ ಮೂರು ಮಕ್ಕಳು. ಈಗ ಮೊಮ್ಮಗನ ಪಾಲಿಗೆ ಬಂದದ್ದು ಹತ್ತು ಸೆಂಟ್ಸ್, ಐದು ಸೆಂಟ್ಸ್. ಇದರಲ್ಲಿ ರಿಯಲ್ ಎಸ್ಟೇಟ್ ಎಲ್ಲಿದೆ? ಕಾನೂನೇ ಕೊಟ್ಟ ಭೂಮಿ, ಕಾನೂನಿನ ಪ್ರಕಾರವೇ ಪಾಲಾಗಿದೆ.

ಇನ್ನೊಂದು ಸಂಗತಿ. ಬಯಲುಸೀಮೆಯ ಹಾಗೆ ನಮ್ಮಲ್ಲಿ ಮನೆಗಳು ಒಟ್ಟಿಗೆ ಇರುವ ಊರು ಕಮ್ಮಿ. ಅಲ್ಲಿ ಗ್ರಾಮಠಾಣದೊಳಗೆ ಸಾಲು ಮನೆ, ಸುತ್ತ ಹೊಲ. ಇಲ್ಲಿ ಒಬ್ಬರ ಮನೆಗೂ ಇನ್ನೊಬ್ಬರ ಮನೆಗೂ ನಡುವೆ ಗದ್ದೆ, ತೋಟ, ಗುಡ್ಡ. ಹೀಗೆ ಚದುರಿದ್ದರೂ ಅದಕ್ಕೊಂದು ಕ್ರಮ ಇತ್ತು. ನೀರು ನಿಲ್ಲುವ ತಗ್ಗು ಗದ್ದೆ ಬೈಲು, ಅದರ ಮೇಲಿನದು ಮಜಲು, ಎತ್ತರದ್ದು ಬೆಟ್ಟು. ಮನೆ ಬೆಟ್ಟಿನ ಬದಿಯಲ್ಲಿ, ಗುಡ್ಡದ ಬುಡದಲ್ಲಿ. ಬೈಲಿನಲ್ಲಿ ಯಾರೂ ಮನೆಗೆ ಪಂಚಾಂಗ (ಅಡಿಪಾಯ) ಹಾಕುತ್ತಿರಲಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಯೋಜನೆ ಯಾವುದಿದೆ ಹೇಳಿ.

ಈಗ ಆಗುತ್ತಿರುವುದು ತಿರುಗಾಮುರುಗಾ. ದುಡ್ಡಿದ್ದವರು ಬೈಲಿಗೆ ನೂರಾರು ಲೋಡು ಕೆಂಪು ಮಣ್ಣು ಸುರಿದು, ಮಳೆನೀರು ಹರಿಯುವ ತೋಡನ್ನು ಒತ್ತಿ, ಅಗಲವಾದ ರಸ್ತೆ ತೋರಿಸುತ್ತಾರೆ. ಅವರ ಕಾಗದ ಸರಿ ಇದೆ. ಬೆಟ್ಟಿನ ಮೇಲೆ ಗಟ್ಟಿ ಮುರಕಲ್ಲಿನ ನೆಲದಲ್ಲಿ ಸಣ್ಣ ಮನೆ ಕಟ್ಟುವವನ ಕಾಗದ ಸರಿ ಇಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ನೀರು ಯಾರ ಮನೆಗೆ ನುಗ್ಗುತ್ತದೆ? ರಸ್ತೆಯ ಅಗಲ ಅಳೆದವರು ತೋಡಿನ ಅಗಲ ಅಳೆದಿದ್ದಾರಾ?

ಪಂಚಾಯತ್ ಪಾಲಿಗೆ ಬಿಟ್ಟರೆ ಎಲ್ಲವೂ ಸರಿಯಾಗುತ್ತದೆ ಎಂದು ನಾನು ನಂಬಿಲ್ಲ. ಅಧಿಕಾರ ಕಿತ್ತುಕೊಳ್ಳಲು ಕಾರಣವಾದ ಕೆಲಸಗಳೂ ನಡೆದಿವೆ. ಒಂದು ಎಕರೆ ತೆಗೆದುಕೊಂಡು ಹತ್ತು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಕನ್ವರ್ಶನ್ ಮಾಡಿಸಿ, ಪ್ರತಿಯೊಂದನ್ನೂ ಒಂಟಿ ನಿವೇಶನ ಎಂದು ತೋರಿಸಿದ ಬ್ರೋಕರುಗಳು ಇದ್ದಾರೆ. ಅಲ್ಲಿ ಸೈಟು ಕೊಂಡವರಿಗೆ ಇವತ್ತು ಚರಂಡಿ ಇಲ್ಲ, ಆಂಬುಲೆನ್ಸ್ ಹೋಗುವ ದಾರಿ ಇಲ್ಲ. ಅವರ ಕಷ್ಟವೂ ಸಣ್ಣದಲ್ಲ. ಬೆಂಕಿ ಬಿದ್ದಾಗ, ಹೆರಿಗೆ ನೋವು ಬಂದಾಗ ರಸ್ತೆ ಬೇಕೇ ಬೇಕು.

ಆದರೆ ಈ ಬ್ರೋಕರುಗಳನ್ನೂ ಪಾಲಿನ ಜಾಗದಲ್ಲಿ ಮನೆ ಕಟ್ಟುವವರನ್ನೂ ಬೇರೆ ಮಾಡುವುದು ಅಷ್ಟು ಕಷ್ಟವಾ? ಸರ್ಕಾರದ 'ಭೂಮಿ' ತಂತ್ರಾಂಶದಲ್ಲಿ ಮ್ಯುಟೇಶನ್, ಅಂದರೆ ಜಾಗ ಯಾರಿಂದ ಯಾರಿಗೆ ಹೋಯಿತು ಎಂಬ ದಾಖಲೆ, ಇದೆ. ಒಂದು ಸರ್ವೆ ನಂಬರಿನಿಂದ ಎರಡು ವರ್ಷದಲ್ಲಿ ಹತ್ತು ತುಂಡು ಹೊರಗಿನವರಿಗೆ ಕ್ರಯವಾಗಿದ್ದರೆ ಅದು ಲೇಔಟ್. ಪೂರ್ತಿ ನಿಯಮ ಹಾಕಿ, ರಸ್ತೆಯನ್ನೂ ಚರಂಡಿಯನ್ನೂ ಮಾರಿದವನಿಂದಲೇ ಮಾಡಿಸಿ. ಅದೇ ನಂಬರು ವಿಭಾಗ ಪತ್ರದಿಂದಲೋ ತಾಯಿ ಮಗನಿಗೆ ಮಾಡಿದ ದಾನಪತ್ರದಿಂದಲೋ ಒಡೆದಿದ್ದರೆ ಅದು ಕುಟುಂಬ. ಅವರಿಗೆ ಇರುವ ದಾರಿಯನ್ನೇ ಒಪ್ಪಿಕೊಳ್ಳಿ, ನೆರೆಯವರ ಒಪ್ಪಿಗೆ ಪತ್ರ ಸಾಕು ಎನ್ನಿ. ಸುಳ್ಳು ಹೇಳಿ ಮರುವರ್ಷವೇ ಮಾರುತ್ತಾರೆ ಎಂಬ ಭಯ ಇದ್ದರೆ ಹತ್ತು ವರ್ಷ ಮಾರುವಂತಿಲ್ಲ ಎಂದು ಷರತ್ತು ಹಾಕಿ. ಮನೆ ಬೇಕಾದವರು ಖುಷಿಯಿಂದ ಸಹಿ ಹಾಕುತ್ತಾರೆ.

ಹಾಗೆಯೇ ಬೈಲು, ತೋಡು, ಕೆರೆ, ಗುಡ್ಡ ಜರಿಯುವ ಜಾಗ ಎಲ್ಲಿವೆ ಎಂದು ಪ್ರತಿ ಪಂಚಾಯತ್ ಒಂದು ನಕ್ಷೆ ಮಾಡಿ ಗೋಡೆಗೆ ಹಾಕಲಿ. ಅಲ್ಲಿ ಮಂತ್ರಿಗೂ ಮನೆ ಇಲ್ಲ. ಈ ನಕ್ಷೆ ಮಾಡಲು ಬೇಕಾದ ತಿಳಿವಳಿಕೆ ಊರಿನ ಹಿರಿಯರ ಹತ್ತಿರ ಇದೆ, ಜಿಲ್ಲಾ ಕೇಂದ್ರದ ಕಂಪ್ಯೂಟರಿನಲ್ಲಿ ಇಲ್ಲ.

ತಡದ ಬಗ್ಗೆಯೂ ಒಂದು ಮಾತು. 2011ರ ಸಕಾಲ ಕಾಯ್ದೆ ಇದೆ. ಇಷ್ಟು ದಿನದೊಳಗೆ ಕೆಲಸ ಆಗಬೇಕು ಎಂಬ ಅದರ ಮಾತು ಒಳ್ಳೆಯದೇ. ಆದರೆ ಒಂದೊಂದು ಸಲ ಒಂದೊಂದು ಆಕ್ಷೇಪ ಬರೆದು ಫೈಲ್ ಹಿಂದಕ್ಕೆ ಕಳಿಸಿದರೆ ಬಡವನಿಗೆ ಏನು ಪ್ರಯೋಜನ? ಇರುವ ಆಕ್ಷೇಪವನ್ನೆಲ್ಲ ಮೊದಲ ಸಲವೇ ಬರೆದು ಕೊಡಬೇಕು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಮನೆಗೆ ಸಿಗುವುದು 1.20 ಲಕ್ಷ. ಕಚೇರಿ ಅಲೆದಾಟ, ಸರ್ವೆ, ನಕ್ಷೆ, ಮಧ್ಯವರ್ತಿ ಎಂದು ಖರ್ಚು ಮಾಡುತ್ತಾ ಹೋದರೆ ಗೋಡೆ ಏಳುವ ಮೊದಲೇ ಕೈ ಖಾಲಿ, ಅಲ್ವಾ?

ಪಂಚಾಯತ್ ಚುನಾವಣೆಗೆ ಮತ ಕೇಳಲು ಬರುವವರ ಹತ್ತಿರ ಈ ಎರಡು ವಿಷಯ ಕೇಳಿ: ಪಾಲಿನ ಜಾಗಕ್ಕೆ ಬೇರೆ ನಿಯಮ ಬೇಕು ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸುತ್ತೀರಾ? ತೋಡಿನ ನಕ್ಷೆ ಮಾಡಿಸುತ್ತೀರಾ? ನಿಮ್ಮ ಊರಲ್ಲಿ ಮನೆಗೆ ಎಷ್ಟು ಅಡಿ ರಸ್ತೆ ಕೇಳಿದರು, ಅರ್ಜಿ ಎಷ್ಟು ತಿಂಗಳಿಂದ ಬಾಕಿ ಇದೆ ಎಂದು ಇಲ್ಲಿ ಬರೆಯಿರಿ. ಹೆಸರು ಬೇಡ, ತಾಲೂಕು ಹೇಳಿದರೆ ಸಾಕು. ಅಷ್ಟನ್ನೂ ಒಟ್ಟು ಮಾಡಿ ನಮ್ಮ ಗ್ರಾಮಸಭೆಯಲ್ಲಿ ಓದುತ್ತೇನೆ.