ಅಧ್ಯಯನ ಪ್ರಗತಿಯಲ್ಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ

ಪಿಯುಸಿ ರಿಸಲ್ಟ್ ಬಂದ ಮೇಲೆ ಮಕ್ಕಳನ್ನು ಏನು ಓದಿಸೋದು ಎಂದು ತಲೆ ಕೆಡಿಸಿಕೊಂಡಿರುವ ತಂದೆ-ತಾಯಂದಿರಿಗೆ ನನ್ನದೊಂದು ಪುಕ್ಕಟೆ ಸಲಹೆ. ಎಂಜಿನಿಯರಿಂಗ್ ಬೇಡ. ಯಾವತ್ತು ಮನೆಗೆ ಕಳಿಸುತ್ತಾರೋ ಹೇಳೋಕಾಗಲ್ಲ. ಡಾಕ್ಟರಿಕೆ ಬೇಡ, ನೀಟ್ ಇದೆ. ಹಸಿರು ಆರ್ಥಿಕತೆಯ ಅಧ್ಯಯನಕ್ಕೆ ಸೇರಿಸಿ. ಹಸಿರು ಆರ್ಥಿಕತೆಗೆ ಅಲ್ಲ ಮತ್ತೆ, ಅದರ ಅಧ್ಯಯನಕ್ಕೆ. ಸೋಲಾರ್ ಪ್ಯಾನೆಲ್ ಕೂರಿಸುವವನು ಉರಿಬಿಸಿಲಲ್ಲಿ ತಾರಸಿ ಮೇಲೆ ನಿಲ್ಲಬೇಕು. ಅಧ್ಯಯನ ಮಾಡುವವನು ಎಸಿ ಕೆಳಗೆ ಕೂತು ಆ ಬಿಸಿಲಿನ ಬಗ್ಗೆ ಬರೆಯಬಹುದು. ಸಂಬಳ ಯಾರಿಗೆ ಜಾಸ್ತಿ ಅಂತ ನಾನು ಹೇಳಬೇಕಾಗಿಲ್ಲ.

ಕೆಲಸಕ್ಕೆ ಭದ್ರತೆ ಇದೆಯಾ ಅಂದಿರಾ? 2021ರಲ್ಲಿ ನಮ್ಮ ಪ್ರಧಾನಿಗಳು ಗ್ಲಾಸ್ಗೋಗೆ ಹೋಗಿ, 2070ರ ಹೊತ್ತಿಗೆ ಭಾರತ ನೆಟ್ ಝೀರೋ ಆಗುತ್ತದೆ ಎಂದು ಮಾತು ಕೊಟ್ಟು ಬಂದರು. ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ವಾಪಸ್ ಹೀರಿಸಿ ಲೆಕ್ಕ ಸೊನ್ನೆ ಮಾಡೋದು ಅಂತ ಅರ್ಥ. ಲೆಕ್ಕ ಹಾಕಿ ನೋಡಿ. ಆ ವರ್ಷ 22ನೇ ವಯಸ್ಸಿಗೆ ಅಧ್ಯಯನಕ್ಕಿಳಿದ ಹುಡುಗ 60ಕ್ಕೆ ನಿವೃತ್ತನಾಗುವುದು 2059ರಲ್ಲಿ. ಗುರಿ ಇನ್ನೂ 11 ವರ್ಷ ದೂರ ಇರುತ್ತದೆ. ಅಷ್ಟೂ ವರ್ಷ ಸಲಹೆಗಾರ ಅಂತ ಬೋರ್ಡು ಹಾಕಿಕೊಂಡು ಕೂರಬಹುದು. ಹಸಿರು ಪರಿವರ್ತನೆ ಆದರೆ ಹೇಗಾಯಿತು ಅಂತ ಅಧ್ಯಯನ. ಆಗದಿದ್ದರೆ ಯಾಕಾಗಲಿಲ್ಲ ಅಂತ ಅಧ್ಯಯನ. ಇಷ್ಟು ಗಟ್ಟಿ ನೌಕರಿ ಕಂದಾಯ ಇಲಾಖೆಯಲ್ಲೂ ಇಲ್ಲ.

ಇದು ನಮ್ಮೂರಿನ ಕಸುಬು ಮಾತ್ರ ಅಂದುಕೊಳ್ಳಬೇಡಿ. ವಿಶ್ವಸಂಸ್ಥೆಯ ಹವಾಮಾನ ಸಮಾವೇಶ ಅಂತ ಒಂದಿದೆ. 1995ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿದ್ದು, ದೇಶದಿಂದ ದೇಶಕ್ಕೆ ಸುತ್ತುತ್ತಾ 2025ರಲ್ಲಿ ಬ್ರೆಜಿಲ್‌ನ ಬೆಲೆಂ ಊರಿಗೆ ಬಂದಾಗ ಅದಕ್ಕೆ 30ನೇ ಸಲ. ಕಲ್ಲಿದ್ದಲು ಬಳಕೆ ಕಡಿಮೆ ಮಾಡೋಣ ಎಂಬ ಒಂದು ಸಾಲನ್ನು ಠರಾವಿನಲ್ಲಿ ಸೇರಿಸಲು 26ನೇ ಸಮಾವೇಶ ಬರಬೇಕಾಯಿತು. ಎಣ್ಣೆ, ಅನಿಲ ಎಲ್ಲ ಸೇರಿಸಿ ಪಳೆಯುಳಿಕೆ ಇಂಧನದಿಂದಲೇ ದೂರ ಸರಿಯೋಣ ಅನ್ನಲು 28ನೆಯದು. ರೋಗಿಯನ್ನು ಬೆಡ್ ಮೇಲೆ ಮಲಗಿಸಿಕೊಂಡು ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯೋಕೇ ಡಾಕ್ಟರು 28 ವರ್ಷ ತಗೊಂಡ ಹಾಗಾಯಿತು. ಆ 28ನೆಯದು ನಡೆದಿದ್ದು 2023ರಲ್ಲಿ, ದುಬೈಯಲ್ಲಿ. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರು. ಇದಕ್ಕೆ ಗಾದೆ ಬೇರೆ ಬೇಕಾ?

ಇನ್ನೊಂದು ಮಾತು. 'ನಿಮ್ಮ ಕಾರ್ಬನ್ ಹೆಜ್ಜೆಗುರುತು ಎಷ್ಟು, ಲೆಕ್ಕ ಹಾಕಿಕೊಳ್ಳಿ' (ಅಂದರೆ ನಿಮ್ಮಿಂದ ಗಾಳಿಗೆ ಸೇರುವ ಇಂಗಾಲ ಎಷ್ಟು) ಅಂತ ಈಗ ಶಾಲೆ ಮಕ್ಕಳಿಗೂ ಹೇಳಿಕೊಡುತ್ತಾರಲ್ಲ, ಆ ಮಾತನ್ನು 2000ದ ದಶಕದಲ್ಲಿ ಜಾಹೀರಾತು ಕೊಟ್ಟು ಜನರ ಬಾಯಿಗೆ ಹಾಕಿದ್ದು ಬಿಪಿ. ಅದೂ ಎಣ್ಣೆ ಕಂಪನಿಯೇ. ಮಾರೋದು ಅವರು, ಲೆಕ್ಕ ಬರೆಯೋದು ನಾವು.

ಅಷ್ಟು ದೂರ ಯಾಕೆ, ಬೆಂಗಳೂರಿಗೇ ಬನ್ನಿ. ಸುಸ್ಥಿರ ಆರ್ಥಿಕತೆ ಬಗ್ಗೆ ಇಲ್ಲಿ ಯಾವುದಾದರೂ ಹೋಟೆಲಿನಲ್ಲಿ ವಿಚಾರ ಸಂಕಿರಣ ಇದ್ದೇ ಇರುತ್ತದೆ. ದೀಪ ಹಚ್ಚಿದರೆ ಹೊಗೆ ಬರುತ್ತದೆ. ಅದಕ್ಕೇ ಈಗ ಗಿಡಕ್ಕೆ ನೀರೆರೆಯುವ ಮೂಲಕ ಉದ್ಘಾಟನೆ. ವೇದಿಕೆ ಮೇಲೆ ಒಂದು ಸಸಿ, ನರ್ಸರಿಯಿಂದ ತಂದ ಕರಿ ಪ್ಲಾಸ್ಟಿಕ್ ಕವರಿನಲ್ಲೇ ನಿಂತಿರುತ್ತದೆ. ಪಕ್ಕದಲ್ಲಿ ತಾಮ್ರದ ಚೊಂಬು. ಗಣ್ಯರು ಏಳು ಜನ. ಒಬ್ಬೊಬ್ಬರೂ ಒಂದೊಂದು ಸಲ ಹುಯ್ಯಬೇಕು. ಫೋಟೋಗ್ರಾಫರ್ ಕೆಳಗಿಂದ 'ಸಾರ್, ಇನ್ನೊಂದ್ಸಲ, ಈ ಕಡೆ ನೋಡಿ' ಅನ್ನುತ್ತಾನೆ. ಇನ್ನೊಂದು ಸಲ ಹುಯ್ಯುತ್ತಾರೆ. ನಾಲ್ಕನೇ ಗಣ್ಯರ ಹೊತ್ತಿಗೆ ಕವರು ತುಂಬಿ, ಕೆಮ್ಮಣ್ಣಿನ ನೀರು ಕಾರ್ಪೆಟ್ಟಿನ ಮೇಲೆ ಹರಿದು ಮೈಕಿನ ವೈರಿನ ಕಡೆ ಹೊರಡುತ್ತದೆ. ಸೌಂಡ್ ಸಿಸ್ಟಮ್ ಹುಡುಗ ಓಡಿ ಬಂದು ವೈರನ್ನು ಎತ್ತಿ ಹಿಡಿದು ನಿಲ್ಲುತ್ತಾನೆ. ಇಡೀ ದಿನದಲ್ಲಿ ಹವಾಮಾನ ವೈಪರೀತ್ಯಕ್ಕೆ ಯಾರಾದರೂ ತಕ್ಷಣ ಸ್ಪಂದಿಸಿದ್ದರೆ ಅವನೊಬ್ಬನೇ. ಆಮೇಲೆ ಮೊದಲ ಗೋಷ್ಠಿ: 'ನೀರಿನ ಮಿತಬಳಕೆ'.

ಊಟಕ್ಕೆ ಸಿರಿಧಾನ್ಯದ ಕೌಂಟರ್ ಇರಲೇಬೇಕು. ನವಣೆ ಬಿಸಿಬೇಳೆಬಾತ್ ಮುಂದೆ ಹುಡುಗನೊಬ್ಬ ಸೌಟು ಹಿಡಿದು ಒಂಟಿಯಾಗಿ ನಿಂತಿರುತ್ತಾನೆ. ಪಕ್ಕದ ಬಿರಿಯಾನಿಗೆ ಸಾಲು ಬಾಗಿಲು ದಾಟಿರುತ್ತದೆ. ಸಂಜೆ ವರದಿ ಬಿಡುಗಡೆ. ಮಿರಮಿರ ಮಿಂಚುವ ಕಾಗದ, ಮುಖಪುಟದಲ್ಲಿ ಗಾಳಿಯಂತ್ರ. ನೇರ ಕೊನೇ ಪುಟಕ್ಕೆ ಹೋಗಿ. 'ಈ ದಿಸೆಯಲ್ಲಿ ಹೆಚ್ಚಿನ ಅಧ್ಯಯನದ ಅಗತ್ಯವಿದೆ.' ಈ ಸಾಲಿಲ್ಲದ ವರದಿ ನಾನಂತೂ ನೋಡಿಲ್ಲ. ಯಾವ ಕಸುಬಿನವನೂ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುವುದಿಲ್ಲ ಬಿಡಿ.

ಕೆಲವು ಪ್ರಶ್ನೆಗಳಿಗೆ ಅಧ್ಯಯನವೇ ಬೇಕಿಲ್ಲ, ಕರೆಂಟ್ ಬಿಲ್ ನೋಡಿದರೆ ಸಾಕು. ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆ 2024ರಲ್ಲಿ ಬಂತು. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಅದಕ್ಕೂ ಒಂದು ವರ್ಷ ಮೊದಲೇ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂದಿತ್ತು. 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಬಡವರ ಮನೆಗೆ ಬಿಲ್ ಬರದಿದ್ದರೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಒಳ್ಳೆಯದೇ ಆಯಿತು. ಆದರೆ ತಿಂಗಳಿಗೆ 140 ಯೂನಿಟ್ ಉರಿಸುವ ಯಜಮಾನರ ಜಾಗದಲ್ಲಿ ಕೂತು ಯೋಚನೆ ಮಾಡಿ. ದೆಹಲಿಯವರು ಬಂದು 'ಸೋಲಾರ್ ಹಾಕಿಸಿ, ಬಿಲ್ ಸೊನ್ನೆ ಆಗುತ್ತೆ' ಅನ್ನುತ್ತಾರೆ. ಬಿಲ್ ಆಗಲೇ ಸೊನ್ನೆ ಇದೆ. ಸೊನ್ನೆಯನ್ನು ಇನ್ನೂ ಕಡಿಮೆ ಮಾಡೋಕೆ ಅವರು ಯಾಕೆ ಕೈಯಿಂದ ಲಕ್ಷ ರೂಪಾಯಿ ಹಾಕಬೇಕು? ಸೊಸೆ ಕೂಡ ಕೇಳುತ್ತಾಳೆ, 'ಮಾವ, ಆಮೇಲೆ ಹಪ್ಪಳ ಎಲ್ಲಿ ಒಣಗಿಸೋದು?' ಅಲ್ಲಿಗೆ ಮುಗಿಯಿತು. ಕರ್ನಾಟಕದಲ್ಲಿ ಮನೆ ಮೇಲಿನ ಸೋಲಾರ್ ಯಾಕೆ ಕುಂಟುತ್ತಿದೆ ಎಂದು ಯಾರಾದರೂ ದೊಡ್ಡ ಅಧ್ಯಯನಕ್ಕೆ ಕೈ ಹಾಕಿದರೆ, ಕಾರಣಗಳ ಪಟ್ಟಿಯಲ್ಲಿ 'ಜಾಗೃತಿಯ ಕೊರತೆ' ಮೊದಲು ಬರುತ್ತದೆ ಎಂದು ಬೆಟ್ ಕಟ್ಟುತ್ತೇನೆ. ಯಜಮಾನರಿಗೆ ಜಾಗೃತಿ ಜಾಸ್ತಿ ಇರುವುದೇ ತೊಂದರೆ.

ಶರಾವತಿಯದು ಇನ್ನೂ ಒಂದು ಕೈ ಮೇಲು. ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಬೇಕು, ಅದಕ್ಕೆ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವ ಯೋಜನೆ. ಜಾಗ ಯಾವುದು? ಸಿಂಗಳೀಕ ಅಭಯಾರಣ್ಯ. ಪರಿಸರ ಉಳಿಸುವ ಕರೆಂಟಿಗಾಗಿ ಕಾಡಿನ ಸಾವಿರಾರು ಮರ ಕಡಿಯಬೇಕು. ನೀರು ಮೇಲೆತ್ತಲು ಬೇಕಾಗುವ ಕರೆಂಟು ಕೆಳಗಿಳಿದಾಗ ಸಿಗುವುದಕ್ಕಿಂತ ಜಾಸ್ತಿ, ಅದು ಬೇರೆ. 2025ರಲ್ಲಿ ಅಹವಾಲು ಸಭೆ ಕರೆದಾಗ ಊರವರು ಬಂದು ಬೇಡ ಅಂದರು. ಸಿಂಗಳೀಕಗಳು ಅರ್ಜಿ ಹಾಕಿಲ್ಲ, ಹಾಗಾಗಿ ಅವುಗಳ ಅಭಿಪ್ರಾಯ ಕಡತದಲ್ಲಿಲ್ಲ. ಇದೇ ನದಿಗೆ ಲಿಂಗನಮಕ್ಕಿ ಕಟ್ಟಿದಾಗ 1960ರ ದಶಕದಲ್ಲಿ ಮನೆ-ಗದ್ದೆ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರ ಕೊಡಿ ಎಂದು ಮೆರವಣಿಗೆ ಮಾಡುತ್ತಿದ್ದಾರೆ. ಅವರ ಸಮಸ್ಯೆಯನ್ನಂತೂ ಬೇಕಾದಷ್ಟು ಅಧ್ಯಯನ ಮಾಡಿ ಆಗಿದೆ.

ಅಧ್ಯಯನದವರಿಗೆ ನಿಜವಾದ ಪುಣ್ಯಕ್ಷೇತ್ರ ಅಂದರೆ ಪಾವಗಡ. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಊರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಉದ್ಘಾಟನೆಯಾಗಿದ್ದು 2018ರಲ್ಲಿ. ಮೆಚ್ಚಬೇಕಾದ ವಿಷಯವೂ ಇದೆ. ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಮುಂದೆ ಏರುತ್ತಾ ಹೋಗುತ್ತದೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಬಿಸಿಲೇ ಬೆಳೆಯಾಯಿತು. ಎಕರೆ ಇದ್ದವರ ಮಾತು ಇದು.

ಹತ್ತಿರದ ಒಂದು ಅರಳಿಕಟ್ಟೆ ಕಲ್ಪಿಸಿಕೊಳ್ಳಿ. ಎಕರೆ ಇಲ್ಲದ ಅಜ್ಜಿಯೊಬ್ಬಳು ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಳೆ. ಕೊರಳಿಗೆ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ ಬಂದು ಕೈ ಮುಗಿಯುತ್ತಾನೆ.

'ಅಜ್ಜಿ, ಶಕ್ತಿ ಪರಿವರ್ತನೆಯಿಂದ ನಿಮ್ಮ ಜೀವನೋಪಾಯದ ಮೇಲಾದ ಪರಿಣಾಮದ ಬಗ್ಗೆ ನಿಮ್ಮ ಗ್ರಹಿಕೆ ಏನು? 1 ಅಂದ್ರೆ ತೀವ್ರ ಅಸಮಾಧಾನ, 5 ಅಂದ್ರೆ ತೀವ್ರ ಸಮಾಧಾನ.'

'ಹೋದ ಸಲ ಬಂದಿದ್ದ ಹುಡುಗಿ 7ರವರೆಗೆ ಹೇಳಿದ್ಲು ಕಣಪ್ಪ. ನೀವು ಯಾಕೆ ಕಮ್ಮಿ ಮಾಡಿದ್ದೀರಿ?'

'ಅದು ಬೇರೆ ಸಂಸ್ಥೆ ಅಜ್ಜಿ. ಇರ್ಲಿ, ಪಾರ್ಕ್ ಬರೋಕೆ ಮುಂಚೆ ಏನ್ ಕೆಲ್ಸ ಮಾಡ್ತಿದ್ರಿ?'

'ಕೂಲಿ. ಕಳೆ ತೆಗೆಯೋದು, ಕಡ್ಲೆಕಾಯಿ ಕೀಳೋದು. ಹೊಲದೋರು ಹೊಲ ಸೋಲಾರಿಗೆ ಕೊಟ್ರು, ಅವ್ರಿಗೆ ವರ್ಷಾವರ್ಷ ದುಡ್ಡು ಬರ್ತದೆ. ನನ್ನತ್ರ ಹೊಲ ಎಲ್ಲಿತ್ತು ಕೊಡಕ್ಕೆ?'

ಹುಡುಗ ಟ್ಯಾಬ್ ಮೇಲೆ ಬೆರಳು ಆಡಿಸುತ್ತಾನೆ. ಮೇಲೆ, ಕೆಳಗೆ, ಮತ್ತೆ ಮೇಲೆ. 'ಇದಕ್ಕೆ ಆಪ್ಷನ್ ಇಲ್ವಲ್ಲ ಅಜ್ಜಿ. ಇತರೆ ಅಂತ ಹಾಕ್ಲಾ?'

'ಹಾಕಪ್ಪ. ಎಲ್ರೂ ಅದನ್ನೇ ಹಾಕ್ಕೊಂಡು ಹೋಗೋದು.'

'ಮೇಕೆ ಗೀಕೆ ಏನಾದ್ರೂ ಇದೆಯಾ?'

'ಇದ್ವು. ಸುತ್ತ ಬೇಲಿ ಬಂತು, ಮೇಯ್ಸಕ್ಕೆ ಜಾಗ ಇಲ್ಲ ಅಂತ ಮಾರಿಬಿಟ್ವಿ.'

ಹುಡುಗನ ಮುಖ ಅರಳುತ್ತದೆ. ಇದಕ್ಕೆ ಕಾಲಂ ಇದೆ. 'ಜಾನುವಾರು ಮಾರಾಟದಿಂದ ಬಂದ ಆದಾಯ' ಎಂದು ಟಿಕ್ ಹಾಕುತ್ತಾನೆ. ಅಜ್ಜಿಗೆ ತಿಳಿಯದಂತೆ ಅವಳ ಆದಾಯ ಏರಿತು.

ಎದುರಿಗೆ ಕಣ್ಣು ಹಾಯುವವರೆಗೂ ನೀಲಿ ಪ್ಯಾನೆಲ್‌ಗಳು ಹೊಳೆಯುತ್ತವೆ. ಸಂಜೆ ಆರೂವರೆಗೆ ಅವು ಮಲಗುತ್ತವೆ. ಆಮೇಲೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಏಳಬೇಕು. 2025ರಲ್ಲಿ ದೇಶದ ವಿದ್ಯುತ್ ತಯಾರಿಸುವ ಸಾಮರ್ಥ್ಯದಲ್ಲಿ ಅರ್ಧ ಭಾಗ ಪಳೆಯುಳಿಕೆ ಇಂಧನದ್ದಲ್ಲ ಎಂದು ಹಬ್ಬ ಮಾಡಿದೆವು. 2030ರ ಗುರಿ ಐದು ವರ್ಷ ಮೊದಲೇ ಮುಟ್ಟಿದ್ದು ಸಣ್ಣ ಮಾತಲ್ಲ. ಆದರೆ ನಿಜವಾಗಿ ತಯಾರಾಗುವ ಹತ್ತು ಯೂನಿಟ್‌ನಲ್ಲಿ ಸುಮಾರು ಏಳು ಈಗಲೂ ಕಲ್ಲಿದ್ದಲಿನದೇ. ಸಾಮರ್ಥ್ಯ ಅನ್ನೋದು ಭಾಷಣಕ್ಕೆ, ಉತ್ಪಾದನೆ ಅನ್ನೋದು ಬಲ್ಬಿಗೆ.

ಹುಡುಗನ ಪ್ರಶ್ನೆಗಳು ಮುಗಿದವು. ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದಳು.

'ಬೆಳಿಗ್ಗೆಯಿಂದ ಕೂರಿಸಿಕೊಂಡಿದ್ದೀಯ. ಕೂಲಿ ಎಷ್ಟು ಕೊಡ್ತೀಯ?'

'ಅಯ್ಯೋ ಅಜ್ಜಿ, ಹಾಗೆಲ್ಲ ಕೊಡೋ ಹಾಗಿಲ್ಲ. ದುಡ್ಡು ಕೊಟ್ರೆ ಉತ್ತರ ಕೆಟ್ಟೋಗುತ್ತೆ.'

'ನಿಂಗೆ ಕೊಡ್ತಾರಾ?'

'ಹೂಂ. ತಿಂಗಳ ಸಂಬಳ, ಜೊತೆಗೆ ಟಿಎ-ಡಿಎ.'

'ಹಂಗಾದ್ರೆ ಪ್ರಶ್ನೆ ಕೆಡಲ್ವಾ?'

ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, ಅದನ್ನೂ 'ಇತರೆ'ಗೆ ಹಾಕಿದ.